ಸೊಂಟದ ಮೂಳೆ ಮುರಿದ ಅಮ್ಮನಿಗೆ ಆಪರೇಷನ್ ಬೇಕೇ, ಮಲಗಿಸಿದರೆ ಸಾಲದೇ?

ಪ್ರಶ್ನೆ: ನನ್ನ ಅಮ್ಮನಿಗೆ 71 ವರ್ಷ. ನಿನ್ನೆ ಬೆಳಗ್ಗೆ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಬಲಗಡೆ ತೊಡೆಮೂಳೆಯ ಕುತ್ತಿಗೆ ಮುರಿದು ಸರಿದಿದೆ ಎಂದು ಎಕ್ಸ್‌ರೇ ನೋಡಿ ಹೇಳಿದರು. ತಾಲೂಕು ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿದ್ದಾರೆ. ಶಿವಮೊಗ್ಗಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿ ಅಂದಿದ್ದಾರೆ. ಅಮ್ಮನಿಗೆ ಬಿಪಿ, ಸಕ್ಕರೆ ಕಾಯಿಲೆ ಇದೆ. ರಕ್ತ ಹೆಪ್ಪುಗಟ್ಟದಿರಲು ಕ್ಲೊಪಿಡೊಗ್ರೆಲ್ ಮಾತ್ರೆ ನುಂಗುತ್ತಾರೆ. ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ, ಮೂರು ತಿಂಗಳು ಮಲಗಿಸಿ, ಇಲ್ಲವೇ ಪುತ್ತೂರು ಕಟ್ಟು ಹಾಕಿಸಿ ಅನ್ನುತ್ತಾರೆ ಸೋದರಮಾವ. ನನಗೆ 48, ಮುಟ್ಟು ನಿಂತು ವರ್ಷ ದಾಟಿತು. ನಾನು ಈಗಿನಿಂದಲೇ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಬೇಕೇ?

ಉತ್ತರ: ಇವತ್ತೇ ಕರೆದುಕೊಂಡು ಹೋಗಿ. ಉಳಿದ ವಿಚಾರವನ್ನೆಲ್ಲ ಆಮೇಲೆ ನಿಧಾನವಾಗಿ ಓದಬಹುದು. ಈ ಮುರಿತಕ್ಕೆ ಬಿದ್ದ 48 ಗಂಟೆಯೊಳಗೆ, ಸಾಧ್ಯವಾದರೆ 36 ಗಂಟೆಯೊಳಗೆ ಆಪರೇಷನ್ ಆಗಬೇಕು. 108 ಆಂಬುಲೆನ್ಸ್ ಕರೆಸಿ. ಎರಡೂ ಕಾಲಿನ ನಡುವೆ ದಿಂಬು ಇಟ್ಟು, ಬಟ್ಟೆಪಟ್ಟಿಯಿಂದ ಕಾಲುಗಳನ್ನು ಸಡಿಲವಾಗಿ ಜೊತೆಗೂಡಿಸಿ ಕಟ್ಟಿ, ಮಲಗಿಸಿಯೇ ಸಾಗಿಸಿ. ತಾಲೂಕು ಆಸ್ಪತ್ರೆಯ ರೆಫರಲ್ ಚೀಟಿ, ಎಕ್ಸ್‌ರೇ, ಪಡಿತರ ಚೀಟಿ, ಆಧಾರ್, ಅಮ್ಮ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಇವು ಜೊತೆಗಿರಲಿ. ಖರ್ಚಿನ ಚಿಂತೆ ಇದ್ದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಹೋದ ಕೂಡಲೇ ಕೇಳಿ.

ಮಾವನವರ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಬಿಪಿ, ಸಕ್ಕರೆ ಇರುವ 71ರ ಹೆಂಗಸಿಗೆ ಆಪರೇಷನ್ನಿನಲ್ಲಿ ಅಪಾಯ ಇದ್ದೇ ಇದೆ. ಆದರೆ ಮಲಗಿಸಿಡುವುದರಲ್ಲಿ ಅದಕ್ಕಿಂತ ದೊಡ್ಡ ಅಪಾಯವಿದೆ. ಅಂಗಾತ ಮಲಗಿದವರ ಶ್ವಾಸಕೋಶದ ಕೆಳಭಾಗದಲ್ಲಿ ಕಫ ನಿಂತು ನ್ಯುಮೋನಿಯಾ ಆಗುತ್ತದೆ. ಅಲ್ಲಾಡದ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಏರುತ್ತದೆ. ಹಿಮ್ಮಡಿ, ಬೆನ್ನ ಬುಡದಲ್ಲಿ ಹುಣ್ಣಾಗುತ್ತದೆ, ಮೂತ್ರದ ಸೋಂಕು ಬರುತ್ತದೆ, ತೊಡೆಯ ಮಾಂಸ ದಿನದಿಂದ ದಿನಕ್ಕೆ ಕರಗುತ್ತದೆ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ನೂರಕ್ಕೆ ಸುಮಾರು 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ಒಯ್ಯುವುದು ಮೂಳೆಯಲ್ಲ, ಈ ತೊಡಕುಗಳು. ಅಮ್ಮ ನಾಳೆ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರುವಂತಾಗಲಿ, ನಾಡಿದ್ದು ವಾಕರ್ ಹಿಡಿದು ನಿಲ್ಲುವಂತಾಗಲಿ ಎಂದೇ ಈ ಆಪರೇಷನ್.

ಮಲಗಿಸಿದರೆ ಈ ಮೂಳೆ ಕೂಡುತ್ತದೆಯೇ ಎಂದರೆ, ಅಮ್ಮನ ಮುರಿತ ಕೂಡುವ ಸಂಭವ ತೀರ ಕಡಿಮೆ. ತೊಡೆಮೂಳೆಯ ತುದಿಯಲ್ಲಿ ಚೆಂಡಿನಂಥ ತಲೆ, ಅದರ ಕೆಳಗೆ ಕುತ್ತಿಗೆ, ಕುತ್ತಿಗೆಯ ಬುಡದಲ್ಲಿ ಎರಡು ಗಂಟು. ತಲೆಗೆ ಹೋಗುವ ರಕ್ತನಾಳಗಳು ಕುತ್ತಿಗೆಗೆ ಅಂಟಿಕೊಂಡೇ ಮೇಲಕ್ಕೆ ಹತ್ತುತ್ತವೆ. ಕುತ್ತಿಗೆ ಮುರಿದು ಸರಿದಾಗ ಅವೂ ಹರಿಯುತ್ತವೆ, ರಕ್ತ ಸಿಗದ ತಲೆ ಸಾಯುತ್ತದೆ. ಸಾಲದ್ದಕ್ಕೆ ಮುರಿದ ಜಾಗ ಕೀಲಿನ ಚೀಲದೊಳಗೆ ಇರುವುದರಿಂದ ಅಲ್ಲಿ ಹೊರಪದರದಿಂದ ಹೊಸ ಮೂಳೆ ಬೆಳೆಯುವುದಿಲ್ಲ. ಇದೇ ಮುರಿತ ಒಂದೆರಡು ಇಂಚು ಕೆಳಗೆ, ಗಂಟುಗಳ ನಡುವೆ ಆಗಿದ್ದರೆ ಮಾತು ಬೇರೆ: ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಹತ್ತು ಹನ್ನೆರಡು ವಾರ ತೂಕ ಕಟ್ಟಿ ಮಲಗಿಸಿದರೂ ಮೂಳೆ ಕೂಡುತ್ತದೆ. ‘ನಮ್ಮೂರಿನ ಅಜ್ಜಿ ಮಲಗಿಯೇ ವಾಸಿಯಾದರು’ ಎಂಬ ಮಾತಿನ ಹಿಂದೆ ಸಾಮಾನ್ಯವಾಗಿ ಇರುವುದು ಈ ಎರಡನೆಯ ಬಗೆ. ಅದರಲ್ಲೂ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿ ನಿಲ್ಲುತ್ತದೆ, ಮೂರು ತಿಂಗಳು ಬದುಕುಳಿಯಬೇಕಾದ ಪ್ರಶ್ನೆಯೂ ಇರುತ್ತದೆ. ಹಾಗಾಗಿ ಅದಕ್ಕೂ ಈಗ ಒಳಗೆ ರಾಡ್ ಹಾಕಿ ಮರುದಿನವೇ ಎಬ್ಬಿಸುತ್ತಾರೆ.

ಕಟ್ಟಿನ ವಿಷಯ. ಮುಂಗೈ ಮೂಳೆ ಬಿರುಕು ಬಿಟ್ಟು ಜಾಗ ಬಿಡದೆ ಇದ್ದರೆ ಬಿದಿರಿನ ದಬ್ಬೆ ಕಟ್ಟಿದರೂ ಅದು ಕೂಡೀತು. ಸೊಂಟದ ಕೀಲು ದಪ್ಪ ಮಾಂಸಖಂಡಗಳ ಆಳದಲ್ಲಿದೆ, ಹೊರಗಿನ ಯಾವ ಪಟ್ಟಿಯೂ ಅದನ್ನು ಹಿಡಿದು ನಿಲ್ಲಿಸಲಾರದು. ಎಣ್ಣೆ ಹಾಕಿ ತೊಡೆ, ಮೀನಖಂಡ ತಿಕ್ಕುವುದಂತೂ ಬೇಡವೇ ಬೇಡ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಿತ್ತುಬಂದು ಶ್ವಾಸಕೋಶಕ್ಕೆ ಹೋಗಬಹುದು.

ಕಾಲಿಗೆ ತೂಕ ಕಟ್ಟಿರುವುದರಿಂದ ನೋವು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ತೆಗೆದರೂ ನಷ್ಟವಿಲ್ಲ. ಮಂಡಿ ಕೆಳಗೆ ದಿಂಬಿಟ್ಟು ಕಾಲು ಹೇಗೆ ಹಿತವೋ ಹಾಗೆ ಇರಿಸಿದರೆ ಸಾಕು. ಹಿಮ್ಮಡಿ ಮಾತ್ರ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಮಡಿಸಿದ ಬಟ್ಟೆ ಇಡಿ, ಹುಣ್ಣು ಮೊದಲು ಶುರುವಾಗುವ ಜಾಗಗಳಲ್ಲಿ ಅದೊಂದು. ನೋವಿಗೆ ಪ್ಯಾರಾಸಿಟಮಾಲ್, ಅದು ಸಾಲದಿದ್ದರೆ ತೊಡೆಸಂದಿಯಲ್ಲಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಅರಿವಳಿಕೆ ವೈದ್ಯರನ್ನು ಇದಕ್ಕಾಗಿ ಕೇಳಿ. ಸಕ್ಕರೆ ಕಾಯಿಲೆ ಇರುವ ಈ ವಯಸ್ಸಿನವರಿಗೆ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಇಂಜೆಕ್ಷನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಇನ್ನೊಂದು ಸಾಮಾನ್ಯ ತಪ್ಪು ಉಪವಾಸ: ಆಪರೇಷನ್ ನಾಳೆಗೆ, ನಾಡಿದ್ದಿಗೆ ಎಂದು ಮುಂದೂಡುತ್ತ ಹೋಗಿ, ಹಿಂದಿನ ರಾತ್ರಿಯಿಂದ ಗುಟುಕು ನೀರೂ ಕೊಡದೆ ಇಡುತ್ತಾರೆ. ಊಟ ಆರು ಗಂಟೆ ಮುಂಚೆ, ಬರೀ ನೀರು ಎರಡು ಗಂಟೆ ಮುಂಚೆ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ಆಪರೇಷನ್ ಮುಂದಕ್ಕೆ ಹೋದರೆ ಊಟ ಕೊಡಬಹುದೇ ಎಂದು ಪ್ರತಿ ಸಲವೂ ಕೇಳಿ.

ಕ್ಲೊಪಿಡೊಗ್ರೆಲ್ ಪ್ರಭಾವ ಇಳಿಯಲು ಐದರಿಂದ ಏಳು ದಿನ ಬೇಕು. ಮೊದಲೆಲ್ಲ ಅಷ್ಟು ದಿನ ಕಾಯಿಸುತ್ತಿದ್ದರು, ಈಗ ಹಾಗೆ ಕಾಯಬಾರದು ಎಂಬುದೇ ಒಪ್ಪಿತ ಪದ್ಧತಿ. ಬೆನ್ನಿಗೆ ಇಂಜೆಕ್ಷನ್ ಕೊಡುವ ಬದಲು ಪೂರ್ತಿ ಅರಿವಳಿಕೆ ಕೊಡುತ್ತಾರೆ, ರಕ್ತ ಸಿದ್ಧವಾಗಿಟ್ಟುಕೊಂಡು ಆಪರೇಷನ್ ಮಾಡುತ್ತಾರೆ. ಈ ಎರಡು ಬಗೆಯ ಅರಿವಳಿಕೆಯಲ್ಲಿ ವೃದ್ಧರಿಗೆ ಒಂದು ಇನ್ನೊಂದಕ್ಕಿಂತ ಮೇಲು ಎಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ಅದರ ಚಿಂತೆ ಬಿಡಿ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ಯಾವಾಗ ಹಾಕಿದ್ದು ಎಂದು ತಪ್ಪದೆ ತಿಳಿಸಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ 180/110ಕ್ಕಿಂತ ಕೆಳಗಿದ್ದರೆ ಅದೊಂದೇ ಕಾರಣಕ್ಕೆ ಮುಂದೂಡಬೇಕಿಲ್ಲ. ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು ಒಂದೇ ದಿನದಲ್ಲಿ ಹತೋಟಿಗೆ ತರಬಹುದು. ತೀವ್ರ ರಕ್ತಹೀನತೆ, ತೀರಾ ಇಳಿದ ಸೋಡಿಯಂ, ಹೃದಯ ವೈಫಲ್ಯದ ಉಬ್ಬಸ, ಲಯ ತಪ್ಪಿದ ಹೃದಯಬಡಿತ ಇವು ಇದ್ದರೆ ಒಂದು ದಿನ ನಿಂತು ಸರಿಪಡಿಸುವುದು ನ್ಯಾಯ. ಹೃದಯದ ಎಕೋ ಸ್ಕ್ಯಾನ್ ಮಾಡುವವರು ಸೋಮವಾರ ಬರುತ್ತಾರೆ ಎಂದು ಶುಕ್ರವಾರದಿಂದ ಕಾಯುವುದು ನ್ಯಾಯವಲ್ಲ.

ಅಮ್ಮನಿಗೆ ಮಾಡುವುದು ಬಹುಶಃ ಬಾಲ್ ಬದಲಾಯಿಸುವ ಆಪರೇಷನ್. ಸತ್ತುಹೋಗುವ ತಲೆಯನ್ನು ತೆಗೆದು ಲೋಹದ ಬಾಲ್ ಕೂರಿಸುತ್ತಾರೆ. ಬಾಲ್ ಕೂರುವ ಸೊಂಟದ ಬಟ್ಟಲನ್ನೂ ಬದಲಾಯಿಸುವ ಪೂರ್ಣ ಕೀಲು ಜೋಡಣೆಯೂ ಇದೆ. ಬೀಳುವ ಮುಂಚೆ ಕೋಲಿಲ್ಲದೆ ಹೊರಗೆಲ್ಲ ಓಡಾಡುತ್ತಿದ್ದರೆ ಅದನ್ನೂ ಕೇಳಿನೋಡಬಹುದು, ಆದರೆ ಎರಡು ವರ್ಷದವರೆಗಿನ ಫಲಿತಾಂಶದಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಅದಕ್ಕಾಗಿ ಸಾಲ ಮಾಡಬೇಡಿ. ನೀವು ಕೇಳಲೇಬೇಕಾದದ್ದು ಬಾಲಿನ ಕಾಂಡವನ್ನು ತೊಡೆಮೂಳೆಯೊಳಗೆ ಭದ್ರವಾಗಿ ಕೂರಿಸುವ ಸಿಮೆಂಟ್ ಬಗ್ಗೆ. ಸಿಮೆಂಟ್ ಇಲ್ಲದ್ದು ಹೊಸದು, ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ಇದೆ. ಟೊಳ್ಳಾದ ಮೂಳೆಗೆ ಅದು ಸರಿಯಲ್ಲ. ಸಿಮೆಂಟ್ ಹಾಕಿದ ಕಾಂಡ ಬಿಗಿಯಾಗಿ ಕೂರುತ್ತದೆ, ತೊಡೆನೋವು ಕಡಿಮೆ, ಕಾಂಡದ ಸುತ್ತ ಮತ್ತೆ ಮೂಳೆ ಸೀಳುವುದೂ ಕಡಿಮೆ. ಸಿಮೆಂಟ್ ಹಾಕುವ ಕ್ಷಣದಲ್ಲಿ ಕೆಲವರಿಗೆ ಬಿಪಿ ಒಮ್ಮೆಲೇ ಕುಸಿಯುವ ಸಣ್ಣ ಅಪಾಯವಿದೆ, ಅರಿವಳಿಕೆಯವರು ಅದಕ್ಕೆ ತಯಾರಾಗಿರುತ್ತಾರೆ.

ಮರುದಿನ ಕೂರಿಸಲು ಬಂದ ಫಿಸಿಯೊಥೆರಪಿಯವರನ್ನು ‘ಪಾಪ, ಇನ್ನೂ ನೋವಿದೆ’ ಎಂದು ವಾಪಸ್ ಕಳಿಸಬೇಡಿ. ಹೊಲಿಗೆ ಬಿಚ್ಚಿಹೋಗುವುದಿಲ್ಲ. ಬೇರೆ ಸೂಚನೆ ಇಲ್ಲದಿದ್ದರೆ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದು. ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಟ್ಟರೆ ನಿಲ್ಲುವುದು ಸುಲಭ. ಸಂಜೆಯ ಹೊತ್ತಿಗೆ ಅಮ್ಮ ನಿಮ್ಮನ್ನು ಗುರುತಿಸದೆ, ಇಲ್ಲದವರನ್ನು ಕರೆಯುತ್ತ, ಡ್ರಿಪ್ ಕಿತ್ತುಹಾಕಲು ನೋಡಬಹುದು. ಈ ಮಂಪರು ಗೊಂದಲ ಬಹಳ ಜನರಿಗೆ ಬರುತ್ತದೆ, ಹುಚ್ಚಲ್ಲ, ಹೆಚ್ಚಿನವರಲ್ಲಿ ಕಾರಣ ಸರಿಪಡಿಸಿದರೆ ಇಳಿಯುತ್ತದೆ. ಹಾಗಾದಾಗ ಮೂತ್ರ ಕಟ್ಟಿದೆಯೇ, ಮಲಬದ್ಧತೆಯೇ, ಸೋಡಿಯಂ ಇಳಿದಿದೆಯೇ, ಜ್ವರವೇ, ನೋವೇ ಎಂದು ನೋಡಲು ಹೇಳಿ. ಕನ್ನಡಕ ಹಾಕಿ, ಗೊತ್ತಿರುವ ಮುಖ ಒಂದು ಪಕ್ಕದಲ್ಲಿರಲಿ. ನಿದ್ದೆ ಮಾತ್ರೆ ಕೊಟ್ಟರೆ ಗೊಂದಲ ಹೆಚ್ಚುತ್ತದೆ. ಮೂತ್ರದ ಪೈಪನ್ನು ಬೇಗ ತೆಗೆಸಿ. ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ ಸುಮಾರು ನಾಲ್ಕು ವಾರ ಮುಂದುವರಿಯಬೇಕಾಗುತ್ತದೆ, ಮನೆಗೆ ಬಂದ ದಿನ ನಿಲ್ಲಿಸಬೇಡಿ. ಒಂದೇ ಕಾಲಿನ ಮೀನಖಂಡ ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ.

ಊಟದಲ್ಲಿ ಗಂಜಿ, ಬ್ರೆಡ್ಡು ಸಾಲದು. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು. ಅರ್ಧ ಲೀಟರ್ ಹಾಲು ಮೊಸರಿನಲ್ಲಿ ಸುಮಾರು 16 ಗ್ರಾಂ, ಎರಡು ಮೊಟ್ಟೆಯಲ್ಲಿ 12 ಗ್ರಾಂ, ಉಳಿದದ್ದು ಬೇಳೆ, ಕಾಳು, ಮೀನು, ರೊಟ್ಟಿ, ಅನ್ನದಿಂದ ಬರುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಪ್ರಮಾಣವನ್ನು ವೈದ್ಯರು ನಿರ್ಧರಿಸಲಿ.

ಬಾಲ್ ಹಾಕಿದ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು, ಬಗ್ಗಿ ನೆಲದ ವಸ್ತು ಎತ್ತುವುದು ಬೇಡ. ಮೊದಲ ಮೂರು ತಿಂಗಳು ಕಟ್ಟುನಿಟ್ಟು, ನೆಲ ಮತ್ತು ಕುಕ್ಕರಗಾಲು ಮುಂದಕ್ಕೂ ಬಿಟ್ಟರೇ ಒಳ್ಳೆಯದು. ಕುರ್ಚಿಗೆ ಕೈಯಿರಲಿ, ಕೂತಾಗ ಸೊಂಟ ಮಂಡಿಗಿಂತ ಮೇಲಿರಲಿ. ಹಳೆ ಮಾದರಿ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ, ಅಮ್ಮ ಬರುವ ಮುಂಚೆ ತಂದಿಡಿ. ತಟ್ಟನೆ ತೊಡೆಸಂದಿಯಲ್ಲಿ ನೋವು ಹೊಡೆದು, ಕಾಲು ಗಿಡ್ಡವಾಗಿ, ಪಾದ ತಿರುಗಿದರೆ ಬಾಲ್ ಜಾರಿದೆ ಎಂದೇ ತಿಳಿದು ಹೊರಡಿ. ಗಾಯದಿಂದ ನೀರು ಒಸರುತ್ತಿದ್ದರೆ ಮನೆಯಲ್ಲೇ ಆಂಟಿಬಯಾಟಿಕ್ ನುಂಗಿಸಿ ಕಾಯಬೇಡಿ.

ಇಲ್ಲಿಗೆ ಎಲ್ಲರೂ ಚಿಕಿತ್ಸೆ ಮುಗಿಯಿತು ಅಂದುಕೊಳ್ಳುತ್ತಾರೆ. ಈ ಉತ್ತರದಲ್ಲಿ ಅತಿ ಮುಖ್ಯವಾದದ್ದು ಇನ್ನು ಮುಂದಿದೆ. ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ತೊಡೆಮೂಳೆ ಮುರಿಯುವುದಿಲ್ಲ. ಗೆದ್ದಲು ತಿಂದ ತೊಲೆಯಂತೆ ಅದು ಒಳಗೇ ಟೊಳ್ಳಾಗಿತ್ತು, ಇನ್ನೊಂದು ಕಾಲಿನದೂ ಬೆನ್ನೆಲುಬಿನದೂ ಅದೇ ಸ್ಥಿತಿ. ಒಂದು ಸೊಂಟ ಮುರಿದವರಿಗೆ ಮತ್ತೊಂದು ಮುರಿತದ ಅಪಾಯ ಮೊದಲ ಒಂದೆರಡು ವರ್ಷದಲ್ಲೇ ಅತಿ ಹೆಚ್ಚು. ಇದನ್ನು ತಡೆಯುವ ಔಷಧ ಇದೆ. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ ಕ್ಯಾಲ್ಸಿಯಂ ಮಾತ್ರೆಯೊಂದನ್ನು ಬಿಟ್ಟು ಮೂಳೆಗೆ ಬೇರೆ ಏನನ್ನೂ ಬರೆಯದೆ ಕಳಿಸುವುದು ನಮ್ಮಲ್ಲಿಯೂ ಹೊರದೇಶಗಳಲ್ಲಿಯೂ ಈಗಲೂ ನಡೆದೇ ಇದೆ. ಮೂಳೆ ಹೀಗೆ ಟೊಳ್ಳಾಗುವ ಕಾಯಿಲೆಯೇ ಆಸ್ಟಿಯೊಪೊರೋಸಿಸ್, ಕ್ಯಾಲ್ಸಿಯಂ ಮಾತ್ರೆ ಅದಕ್ಕೆ ಚಿಕಿತ್ಸೆಯಲ್ಲ. ಅಮ್ಮನಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗುವವರೆಗೂ ಕಾಯಬೇಕಿಲ್ಲ, ಈ ಮುರಿತವೇ ರೋಗನಿರ್ಣಯ.

ಮೊದಲು ರಕ್ತಪರೀಕ್ಷೆ: ಕ್ಯಾಲ್ಸಿಯಂ, ರಂಜಕ, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡ್, ರಕ್ತಕಣಗಳ ಎಣಿಕೆ, ಇಎಸ್‌ಆರ್. ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ, ಮೂಳೆಮಜ್ಜೆಯ ಕ್ಯಾನ್ಸರ್ ಇಂಥವು ಹಿಂದೆ ಅಡಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಕೆಲವರಿಗೆ ಇನ್ನೂ ಒಂದೆರಡು ಬೇಕಾಗಬಹುದು. ಆಮೇಲೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ. ಸೊಂಟ ಮುರಿದು ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಗೆ 90 ದಿನದೊಳಗೆ ಇದನ್ನು ಶುರುಮಾಡಿ, ಉಳಿದವರೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು: ಹೊಸ ಮುರಿತ 35 ಶೇಕಡಾ ಕಡಿಮೆ, ಸಾವು 28 ಶೇಕಡಾ ಕಡಿಮೆ. ಮೊದಲ ಎರಡು ವಾರ ಬಿಟ್ಟು ಕೊಟ್ಟವರಲ್ಲಿ ಲಾಭ ಚೆನ್ನಾಗಿತ್ತು. ಹಾಗಾಗಿ ಹೊಲಿಗೆ ಬಿಚ್ಚಿಸಲು ಹೋದಾಗಲೇ ಈ ಮಾತು ಎತ್ತಿ. ವಿಟಮಿನ್ ಡಿ ತುಂಬಿಕೊಳ್ಳದೆ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುತ್ತದೆ. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ಕನಿಷ್ಠ 15 ನಿಮಿಷ ನಿಧಾನವಾಗಿ ಹನಿಸಬೇಕು, ಆ ದಿನ ನೀರು ಚೆನ್ನಾಗಿ ಕುಡಿಸಬೇಕು. ಮೊದಲ ಡೋಸಿನ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಬರುತ್ತದೆ. ಪ್ಯಾರಾಸಿಟಮಾಲ್ ಸಾಕು. ಎರಡನೆಯ ಸಲ ಇದು ಬಹಳ ಕಡಿಮೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ.

ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆಯೂ ಕೆಲಸ ಮಾಡುತ್ತದೆ, ಸರಿಯಾಗಿ ನುಂಗಿದರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗೆ ಕೂತಿರಬೇಕು ಇಲ್ಲವೇ ನಿಂತಿರಬೇಕು. ಅಷ್ಟು ಹೊತ್ತು ಕಾಫಿ, ಹಾಲು, ಬೇರೆ ಮಾತ್ರೆ ಏನೂ ಬೇಡ. ಕಾಫಿ ಜೊತೆ ನುಂಗಿದರೆ ಔಷಧ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ, ನುಂಗಿ ಮಲಗಿದರೆ ಅನ್ನನಾಳ ಹುಣ್ಣಾಗುತ್ತದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ 60 ಮಿಲಿಗ್ರಾಂ ಮೂತ್ರಪಿಂಡ ದುರ್ಬಲ ಇರುವವರಿಗೂ ಆಗುತ್ತದೆ, ಆದರೆ ಅವರಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಹೆಚ್ಚು ನಿಗಾ ಬೇಕು. ಅದನ್ನು ಮರೆತು ನಿಲ್ಲಿಸಿದರೆ ಉಳಿದ ಮೂಳೆ ವೇಗವಾಗಿ ಕರಗಿ ಬೆನ್ನೆಲುಬುಗಳು ಒಂದರ ಮೇಲೊಂದು ಕುಸಿಯಬಹುದು. ತಾರೀಖು ತಪ್ಪದೆ ಹಾಕಿಸಲು ಆಗುವ ಮನೆಗೆ ಮಾತ್ರ ಅದು. ಈ ಔಷಧಗಳನ್ನು ಹಲವು ವರ್ಷ ತೆಗೆದುಕೊಂಡವರಿಗೆ ತೊಡೆಯ ನಡುವೆ ಹೊಸದಾಗಿ ನೋವು ಬಂದರೆ ಪೂರ್ತಿ ತೊಡೆಮೂಳೆಯ ಎಕ್ಸ್‌ರೇ ಬೇಕು. ಅಪರೂಪಕ್ಕೆ ಅಲ್ಲೊಂದು ಬಿರುಕು ಬರುತ್ತದೆ.

ವಿಟಮಿನ್ ಡಿ ಪುಡಿಯ ಪೊಟ್ಟಣ, ಅಂದರೆ 60,000 ಯೂನಿಟ್, ಕೊರತೆ ಇರುವವರಿಗೆ ವಾರಕ್ಕೊಂದರಂತೆ ಎಂಟು ವಾರ, ನಂತರ ತಿಂಗಳಿಗೊಂದು. ವಾರಕ್ಕೊಂದನ್ನೇ ವರ್ಷಗಟ್ಟಲೆ ಮುಂದುವರಿಸಿ ಕ್ಯಾಲ್ಸಿಯಂ ಏರಿ ವಾಂತಿ, ಮಂಪರು, ಮೂತ್ರಪಿಂಡದ ತೊಂದರೆ ಆಗುವವರೂ ಇದ್ದಾರೆ. ಒಮ್ಮೆಗೇ ಭಾರಿ ಡೋಸೂ ಬೇಡ: ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ ವಯಸ್ಸಾದ ಹೆಂಗಸರಲ್ಲಿ ಬೀಳುವುದೂ ಮುರಿಯುವುದೂ ಹೆಚ್ಚಾಯಿತು ಎಂದು 2010ರಲ್ಲಿ ವರದಿಯಾಗಿದೆ.

ಇನ್ನು ನಿಮ್ಮ ವಿಷಯ. ಮೂಳೆ ಸದಾ ಒಂದು ಕಡೆ ಕರಗುತ್ತ ಇನ್ನೊಂದು ಕಡೆ ಕಟ್ಟಿಕೊಳ್ಳುತ್ತ ಇರುತ್ತದೆ, ಕರಗಿಸುವ ಜೀವಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೊಜೆನ್. ಮುಟ್ಟು ನಿಂತಾಗ ಅದು ಇಳಿಯುತ್ತದೆ, ಮುಂದಿನ ಐದಾರು ವರ್ಷ ಮೂಳೆ ಅತಿ ವೇಗವಾಗಿ ಹೋಗುತ್ತದೆ. ತಾಯಿಗೆ ಸೊಂಟ ಮುರಿದಿರುವುದು ಮಗಳಿಗೂ ಅಪಾಯದ ಗುರುತು. ಸಾಮಾನ್ಯವಾಗಿ 65ಕ್ಕೆ ಹೇಳುವ ಡೆಕ್ಸಾ ಸ್ಕ್ಯಾನ್ ನೀವು ಈಗಲೇ ಮಾಡಿಸಲು ಅದು ಸಾಕಷ್ಟು ಕಾರಣ. 45ಕ್ಕೆ ಮುಂಚೆ ಮುಟ್ಟು ನಿಂತವರು, ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರು, ಮೂರು ತಿಂಗಳಿಗಿಂತ ಹೆಚ್ಚು ಸ್ಟಿರಾಯ್ಡ್ ನುಂಗಿದವರು, ತೀರಾ ಸಣಕಲು ಇರುವವರು ಕೂಡ ಹಾಗೆಯೇ. ಆ ಸ್ಕ್ಯಾನ್ ಕೊಡುವ ಅಂಕಿ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಚೀಟಿಯ ಮೇಲೆ ಚಿಕಿತ್ಸೆ ಶುರು ಮಾಡಬೇಡಿ. ಮೈ ಬಿಸಿಯೇರಿ ಬೆವರುವ ಕಾಟ ನಿಮಗಿದ್ದರೆ ಹಾರ್ಮೋನ್ ಚಿಕಿತ್ಸೆ ಮೂಳೆಗೂ ರಕ್ಷಣೆ. ಆದರೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಸ್ತ್ರೀರೋಗ ತಜ್ಞರ ಜೊತೆ ತೂಗಿ ನೋಡಿಯೇ ತೀರ್ಮಾನಿಸಬೇಕು.

ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ ಅಥವಾ ರೊಟ್ಟಿಯಲ್ಲಿ ಸುಮಾರು 350, ಒಂದು ದೊಡ್ಡ ಲೋಟ, ಅಂದರೆ 250 ಮಿಲಿ ಹಾಲಿನಲ್ಲಿ 300, ಎರಡು ಬಟ್ಟಲು ಮೊಸರಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಕ್ಯಾಲ್ಸಿಯಂ ಮೈಗೆ ಹತ್ತುವುದು ಹೆಚ್ಚು. ಇಷ್ಟು ತಿನ್ನುವವರಿಗೆ ಮಾತ್ರೆ ಬೇಕಾಗುವುದು ಬಹಳವಾದರೆ ದಿನಕ್ಕೊಂದು. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ನುಂಗಿದರೆ ಹೀರಿಕೊಳ್ಳುವ ಪಾಲು ಇಳಿಯುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ. ನಡಿಗೆಯ ಜೊತೆ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ತೂಕ ಎತ್ತುವುದು ಬೇಕು. ಬರೀ ನಡೆದರೆ ಸಾಲದು.

ಸೊಂಟ ಮುರಿಯುವುದು ಬಹುಪಾಲು ಪಕ್ಕಕ್ಕೆ ಬಿದ್ದಾಗ, ಅದೂ ಮನೆಯಲ್ಲೇ. ಅಮ್ಮನ ಮಾತ್ರೆಗಳಲ್ಲಿ ಆಲ್‌ಪ್ರಾಜೊಲಾಮ್, ಕ್ಲೊನಾಜೆಪಾಮ್‌ನಂಥ ನಿದ್ದೆ ಮಾತ್ರೆ ಇದ್ದರೆ ನಿಧಾನವಾಗಿ ಬಿಡಿಸುವ ಬಗ್ಗೆ ವೈದ್ಯರನ್ನು ಕೇಳಿ, ಥಟ್ಟನೆ ನಿಲ್ಲಿಸಬೇಡಿ. ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಒಮ್ಮೊಮ್ಮೆ ನೋಡಿಸಿ. ಮೇಲಿನ ಅಂಕಿ 20ರಷ್ಟು ಇಳಿದರೆ ಮಾತ್ರೆ ಬದಲಾಗಬೇಕು. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಮಲೆನಾಡಿನ ಮಳೆಗಾಲದಲ್ಲಿ ಅಂಗಳ, ಬಚ್ಚಲ ಕಲ್ಲು ಪಾಚಿ ಕಟ್ಟುವುದು ನಿಮಗೆ ಹೇಳಬೇಕಿಲ್ಲ. ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ನೀರು ನಿಲ್ಲದಂತೆ ಇಳಿಜಾರು ಸರಿಮಾಡಿಸಿ. ಕಾಲೊರೆಸುವ ಚಿಂದಿಬಟ್ಟೆ ತೆಗೆದು ರಬ್ಬರ್ ತಳದ ಮ್ಯಾಟ್ ಹಾಕಿ, ಸವೆದ ಹವಾಯಿ ಚಪ್ಪಲಿ ಬದಲಿಸಿ ಹಿಂದೆ ಪಟ್ಟಿಯಿರುವುದನ್ನು ಕೊಡಿ, ಮಂಚದಿಂದ ಕಕ್ಕಸಿನವರೆಗೆ ರಾತ್ರಿಯಿಡೀ ಬೆಳಕಿರಲಿ. ಬಚ್ಚಲಿಗೆ ಒಳಚಿಲಕ ಬೇಡ, ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಒಳತೆರೆಯುವ ಬಾಗಿಲನ್ನು ತಳ್ಳಲಾಗದು. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಕೈ ಹಿಡಿಯಲು ಸ್ಟೀಲ್ ಪೈಪು, ಅಮ್ಮ ಕೂತಾಗ ಮೊಣಕೈ ಬರುವ ಎತ್ತರಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ್ದು. ಅಂಟಿಸುವ ಹಿಡಿ, ಟವೆಲ್ ಹಾಕುವ ಕಂಬಿ ಮೈಭಾರ ತಡೆಯದೆ ಕಿತ್ತು ಕೈಗೆ ಬರುತ್ತವೆ. ಅಮ್ಮ ಆಸ್ಪತ್ರೆಯಲ್ಲಿರುವ ದಿನಗಳಲ್ಲೇ ಗಾರೆಯವರನ್ನು ಕರೆಸಿ ಈ ಕೆಲಸ ಮುಗಿಸಿ.